ಗಿಡದ ದೀಪ ಕೊಳ್ಳುವ ಮುನ್ನ

ಕೋಣೆಯೊಳಗೆ ಎಲ್‌ಇಡಿ ದೀಪದಡಿ ಸೊಪ್ಪು ಬೆಳೆದು ಮಾರಬೇಕೆಂದು ಉಳಿತಾಯದ ಹಣ ತೆಗೆಯುತ್ತಿರುವ ಮಿತ್ರರಿಗೆ ಎರಡು ಮಾತು. ನಮ್ಮ ಹೈದರಾಬಾದಿನ ಪಕ್ಕದ ಪಟಾಂಚೆರುವಿನಲ್ಲಿ, ಇಕ್ರಿಸ್ಯಾಟ್ ಸಂಸ್ಥೆಯ ಶೀಘ್ರ ತಳಿ ಕೇಂದ್ರ 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಬೆಳಕನ್ನೂ ಉಷ್ಣವನ್ನೂ ಅಂಕೆಯಲ್ಲಿಟ್ಟು ವರ್ಷಕ್ಕೆ ಕಡಲೆಯ ಹಲವು ಪೀಳಿಗೆ ಬೆಳೆಸುತ್ತಾರೆ. ಅದು ಸಂಶೋಧನೆ, ನಾವಾದರೋ ಕರೆಂಟಿನ ಬಿಲ್ಲನ್ನು ಸೊಪ್ಪು ಮಾರಿಯೇ ಕಟ್ಟಬೇಕು.

ಅಂಗಡಿಯವರು ಲೂಮೆನ್ ಲೆಕ್ಕ ತೋರಿಸುತ್ತಾರೆ. ಅದು ಮನುಷ್ಯನ ಕಣ್ಣಿನ ಅಳತೆ, ಗಿಡದ್ದಲ್ಲ. ಗಿಡ ಮುಖ್ಯವಾಗಿ ಬಳಸುವುದು 400ರಿಂದ 700 ನ್ಯಾನೊಮೀಟರಿನ ಬೆಳಕನ್ನು. ಒಂದು ಜೂಲ್ ವಿದ್ಯುತ್ತಿಗೆ ಅಂಥ ಬೆಳಕು ಎಷ್ಟು ಮೈಕ್ರೋಮೋಲ್ ಬರುತ್ತದೆಂದು ಕೇಳಿರಿ. 2.5 ಬರುವ, 100 ವಾಟಿನ ಹತ್ತು ದೀಪಗಳು ದಿನಕ್ಕೆ 16 ಗಂಟೆ ಉರಿದರೆ 30 ದಿನಕ್ಕೆ 480 ಯೂನಿಟ್. 1.5 ಬರುವ ಅಗ್ಗದ ದೀಪಗಳಿಂದ ಅಷ್ಟೇ ಬೆಳಕು ಪಡೆಯಲು 800 ಯೂನಿಟ್ ಬೇಕು!

ಮೊದಲು ಕೆಡುವುದು ಸಾಮಾನ್ಯವಾಗಿ ಎಲ್‌ಇಡಿ ಹರಳಲ್ಲ, ಅದಕ್ಕೆ ವಿದ್ಯುತ್ ಕೊಡುವ ಡ್ರೈವರ್ ಪೆಟ್ಟಿಗೆ. ನಮ್ಮೂರಿನ ಮೇ ತಿಂಗಳ ಬಿಸಿ ಅದಕ್ಕೆ ಶತ್ರು, ಗಾಳಿಯಾಡಲಿ. ತೇವವಿರುವ ಕೋಣೆಗೆ ಐಪಿ 65 ಗುರುತು ನೋಡಿರಿ. ಗ್ಯಾರಂಟಿ ಬರಹದಲ್ಲಿರಲಿ, ಬಾಯಿಮಾತನ್ನು ಫೈಲಿಗೆ ಹಚ್ಚಲಾಗದೆಂಬುದು ಗುಮಾಸ್ತರಾದ ನಮಗೆ ಗೊತ್ತೇ ಇದೆ. ಮೊದಲು ಒಂದೇ ದೀಪ ತನ್ನಿರಿ, ಒಂದು ಬೆಳೆ ತೆಗೆಯಿರಿ, ಮೀಟರು ಓದಿರಿ. ಉಳಿದ ಒಂಬತ್ತು ಆಮೇಲೆ.