ತಂದೆಯ ಯೆಜ್ದಿಯೋ, ಹೊಸ ವಾಹನವೋ?

ಲಿಂಗೈಕ್ಯರಾದ ತಂದೆಯವರ ಯೆಜ್ದಿಯನ್ನು ದುರಸ್ತಿ ಮಾಡಿಸುವುದೋ, ಹೊಸ ಮೋಟಾರ್ ಸೈಕಲ್ ಕೊಳ್ಳುವುದೋ ಎಂದು ಪರಿಚಿತ ಮನೆತನದವರು ನಮ್ಮನ್ನು ಕೇಳಿದರು. ಕೈಯಲ್ಲಿದ್ದ ಹಣ ಒಂದಕ್ಕೆ ಮಾತ್ರ ಸಾಕು.

ಯೆಜ್ದಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಯ ಸದ್ದಿನಲ್ಲಿ ಯಜಮಾನರ ನೆನಪು ಮಾತ್ರ ಉಳಿದಿದೆ. ಆ ಮಮತೆಯನ್ನು ನಾವು ಹಳಿಯಲಾರೆವು. ಆದರೆ ಮಮತೆಗೂ ಲೆಕ್ಕ ಬೇಕು. ಚಾಸಿ, ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರದೊಡನೆ ಹೊಂದಬೇಕು. 15 ವರ್ಷ ದಾಟಿದ ವಾಹನದ ನೋಂದಣಿಯನ್ನು ತಪಾಸಣೆ ಮಾಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಚಾಸಿ ಬಿರಿದು, ಕ್ರ್ಯಾಂಕ್ ಸವೆದಿದ್ದರೆ ಖರ್ಚು ಏರುತ್ತದೆ.

ಮಗನಿಗೋ ನಿತ್ಯ ಹೆದ್ದಾರಿಯ ಪ್ರಯಾಣ. ಹಳೆಯ ಡ್ರಮ್ ಬ್ರೇಕಿಗಿಂತ ಎಬಿಎಸ್ ಇರುವ ಹೊಸ ವಾಹನವೇ ಸುರಕ್ಷಿತ. ಆದ್ದರಿಂದ ನಿತ್ಯದ ಕಾಯಕಕ್ಕೆ ಹೊಸದನ್ನು ಕೊಳ್ಳಿರಿ, ಯೆಜ್ದಿಯನ್ನು ಮಾರದೆ ಉಳಿತಾಯ ಒದಗಿದಂತೆ ಸರಿಪಡಿಸಿರಿ ಎಂದೆವು. ಮಗನು ಸಂಜೆ ಕ್ಷೇಮವಾಗಿ ಮನೆ ಸೇರುವುದನ್ನೇ ಆ ತಂದೆಯೂ ಬಯಸುತ್ತಿದ್ದರು.