ಲಕ್ಸೆಂಬರ್ಗಿನ ನಿತ್ಯಜೀವನದಲ್ಲಿ ಮೂರು ನುಡಿಗಳು: ಮಾತು ಮತ್ತು ಬರಹಗಳ ಹಂಚಿಕೆ

ಲಕ್ಸೆಂಬರ್ಗಿನ ನ್ಯಾಯಾಲಯವೊಂದರಲ್ಲಿ ಸಣ್ಣ ಕಳವಿನ ಪ್ರಕರಣವೊಂದು ವಿಚಾರಣೆಗೆ ಬಂದಿದೆ ಎಂದು ಭಾವಿಸಬಹುದು. ಪೊಲೀಸರು ಬರೆದಿಟ್ಟ ವರದಿ ರೂಢಿಯಂತೆ ಜರ್ಮನ್ ಭಾಷೆಯಲ್ಲಿರುತ್ತದೆ. ಆರೋಪಿಯೂ ಸಾಕ್ಷಿಗಳೂ ಆ ನೆಲದವರಾಗಿದ್ದರೆ ನ್ಯಾಯಾಧೀಶರೆದುರು ಲಕ್ಸೆಂಬರ್ಗಿಶ್‌ನಲ್ಲಿ ಮಾತನಾಡುತ್ತಾರೆ. ವಕೀಲರು ಉಲ್ಲೇಖಿಸುವ ಕಾನೂನಿನ ಪಠ್ಯ ಫ್ರೆಂಚ್. ಕೊನೆಗೆ ಹೊರಬೀಳುವ ತೀರ್ಪೂ ಫ್ರೆಂಚ್. ಮರುದಿನ ಆ ಸುದ್ದಿ ಪತ್ರಿಕೆಯಲ್ಲಿ ಜರ್ಮನ್‌ನಲ್ಲಿ ಅಚ್ಚಾದರೆ, ರೇಡಿಯೊದಲ್ಲಿ ಲಕ್ಸೆಂಬರ್ಗಿಶ್‌ನಲ್ಲಿ ಬಿತ್ತರವಾಗುತ್ತದೆ. ಒಂದೇ ಘಟನೆ ಹೀಗೆ ಮೂರು ನುಡಿಗಳ ಮೂಲಕ ಹಾದುಹೋಗುವುದು ಅಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಈ ಸಹಜತೆ ಹೇಗೆ ರೂಪುಗೊಂಡಿತು, ಅದರ ಹೊರೆಯನ್ನು ಯಾರು ಹೊರುತ್ತಿದ್ದಾರೆ ಎಂಬ ಪ್ರಶ್ನೆಗಳು ಬಹುಭಾಷಿಕತೆಯ ಅಧ್ಯಯನಕ್ಕೆ ಮುಖ್ಯವಾದವು.

ಬೆಲ್ಜಿಯಂ, ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಇರುವ ಈ ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್. ಉತ್ತರದಿಂದ ದಕ್ಷಿಣದ ತುದಿಗೆ 82 ಕಿಲೋಮೀಟರ್ ಮಾತ್ರ. 2025ರ ಆರಂಭದಲ್ಲಿ ಜನಸಂಖ್ಯೆ ಸುಮಾರು 6.8 ಲಕ್ಷವಿತ್ತು, ಅವರಲ್ಲಿ ಶೇ. 47ರಷ್ಟು ಜನ ಬೇರೆ ದೇಶಗಳ ಪೌರರು. ಇದಲ್ಲದೆ ಗಡಿಯಾಚೆಯ ಮೂರು ದೇಶಗಳಿಂದ 2 ಲಕ್ಷಕ್ಕೂ ಹೆಚ್ಚು ನೌಕರರು ಪ್ರತಿನಿತ್ಯ ಬಂದು ದುಡಿದು ಸಂಜೆ ಮರಳುತ್ತಾರೆ. ಭಾಷಾವಾರು ಪ್ರಾಂತ್ಯಗಳ ತತ್ವವನ್ನು ಬಲ್ಲ ಭಾರತದ ಓದುಗರು ಬಹುಭಾಷಿಕ ದೇಶವೆಂದೊಡನೆ ಒಂದೊಂದು ನುಡಿಗೆ ಒಂದೊಂದು ಸೀಮೆಯನ್ನು ಊಹಿಸಿಕೊಳ್ಳುವುದು ಸಹಜ. ಸ್ವಿಟ್ಜರ್ಲೆಂಡ್ ಮತ್ತು ಬೆಲ್ಜಿಯಂಗಳು ಸ್ಥೂಲವಾಗಿ ಆ ಮಾದರಿಗೆ ಸೇರುತ್ತವೆ. ಲಕ್ಸೆಂಬರ್ಗಿನಲ್ಲಿ ಹಾಗೆ ಸೀಮೆಯ ಗೆರೆಗಳಿಲ್ಲ. ಅಲ್ಲಿ ನುಡಿಗಳು ಹಂಚಿಕೆಯಾಗಿರುವುದು ಸಂದರ್ಭಗಳಿಗೆ, ಅದರಲ್ಲೂ ಮುಖ್ಯವಾಗಿ ಮಾತು ಮತ್ತು ಬರಹ ಎಂಬ ಎರಡು ಬಳಕೆಗಳಿಗೆ. ಬಾಯಿಗೆ ಒಂದು ನುಡಿ, ಕೈಗೆ ಬೇರೆ ಎರಡು ನುಡಿ ಎಂಬುದು ಆ ವ್ಯವಸ್ಥೆಯ ತಿರುಳು.

ಲಕ್ಸೆಂಬರ್ಗಿಶ್ ಎಂಬುದು ಜರ್ಮನಿಕ್ ಕುಟುಂಬದ ಮೊಸೆಲ್ ಫ್ರಾಂಕೋನಿಯನ್ ಉಪಭಾಷಾ ಗುಂಪಿಗೆ ಸೇರಿದ ನುಡಿ. 1839ರ ಲಂಡನ್ ಒಪ್ಪಂದದಲ್ಲಿ ದೇಶದ ಪಶ್ಚಿಮದ ದೊಡ್ಡ ಭಾಗ ಬೆಲ್ಜಿಯಂಗೆ ಸೇರಿಹೋಯಿತು. ಉಳಿದ ಭಾಗದಲ್ಲಿ ಫ್ರೆಂಚನ್ನು ಮನೆಮಾತಾಗಿ ಆಡುವ ಪ್ರದೇಶವೇ ಇರಲಿಲ್ಲ. ಆದರೂ ಆಡಳಿತ ಮತ್ತು ಕಾನೂನು ಫ್ರೆಂಚ್‌ನಲ್ಲಿಯೇ ಮುಂದುವರಿದವು. ಪ್ರತಿಷ್ಠಿತ ವರ್ಗಕ್ಕೆ ಫ್ರೆಂಚ್ ಅಂತಸ್ತಿನ ಗುರುತಾಗಿತ್ತು. ಜರ್ಮನಿಯ ಸೆಳೆತದಿಂದ ದೂರ ನಿಲ್ಲುವುದಕ್ಕೂ ಅದು ಒದಗುತ್ತಿತ್ತು. 1843ರ ಶಿಕ್ಷಣ ಕಾಯಿದೆ ಪ್ರಾಥಮಿಕ ಶಾಲೆಯಲ್ಲಿ ಜರ್ಮನ್ ಜೊತೆಗೆ ಫ್ರೆಂಚನ್ನೂ ಕಡ್ಡಾಯಗೊಳಿಸಿತು. ಮನೆಯಲ್ಲಿ ಆಡುವ ಮಾತಿಗೆ ಶಾಲೆಯಲ್ಲಿ ಜಾಗವಿರಲಿಲ್ಲ. ಆ ನುಡಿಯಲ್ಲಿ ಮೊದಲ ಪುಸ್ತಕವನ್ನು 1829ರಲ್ಲಿ ಪ್ರಕಟಿಸಿದವರು ಆಂಟೋನ್ ಮೇಯರ್ ಎಂಬ ಗಣಿತಜ್ಞರು ಎಂಬುದು ಕುತೂಹಲದ ಸಂಗತಿ. 1872ರಲ್ಲಿ ಮಿಶೆಲ್ ರೊಡಾಂಜ್ ಅವರ ‘ರೆನರ್ಟ್’ ಎಂಬ ನರಿಯ ಕಥನಕಾವ್ಯ ಬಂದ ಮೇಲೂ ಸಾಹಿತ್ಯದಲ್ಲಿ ಸಿಕ್ಕ ಮನ್ನಣೆ ಸಾರ್ವಜನಿಕ ವ್ಯವಹಾರಕ್ಕೆ ವಿಸ್ತರಿಸಲಿಲ್ಲ. 1896ರಲ್ಲಿ ಸ್ಪೂ ಎಂಬ ಸದಸ್ಯರು ಸಂಸತ್ತಿನಲ್ಲಿ ಲಕ್ಸೆಂಬರ್ಗಿಶ್‌ನಲ್ಲಿ ಮಾತನಾಡಿದಾಗ ಸಭೆ ಅದನ್ನು ಒಪ್ಪಲಿಲ್ಲ. ಶಾಲೆಯಲ್ಲಿ ಒಂದು ವಿಷಯವಾಗಿ ಅದು ಸೇರಿದ್ದು 1912ರಲ್ಲಿ.

ಆಡುಮಾತು ರಾಷ್ಟ್ರದ ನುಡಿಯಾಗಿ ಮಾರ್ಪಟ್ಟ ಗಳಿಗೆಯನ್ನು ಗುರುತಿಸುವುದಾದರೆ ಅದು 1941ರ ಅಕ್ಟೋಬರ್ 10. ಹಿಂದಿನ ವರ್ಷದ ಮೇ ತಿಂಗಳಲ್ಲಿ ದೇಶವನ್ನು ಆಕ್ರಮಿಸಿದ್ದ ನಾಜಿ ಆಡಳಿತ ಫ್ರೆಂಚನ್ನು ನಿಷೇಧಿಸಿತ್ತು. ಜನರ ಹೆಸರುಗಳನ್ನು ಜರ್ಮನ್‌ಗೆ ಬದಲಾಯಿಸಲಾಗಿತ್ತು. ‘ಮೆರ್ಸಿ’ ಎಂದು ವಂದನೆ ಹೇಳುವುದೂ ಅಪರಾಧವಾಗಿತ್ತು. ಆಮೇಲೆ ಬಂದ ಜನಗಣತಿಯ ಪತ್ರದಲ್ಲಿ ಪೌರತ್ವ, ಮಾತೃಭಾಷೆ, ಜನಾಂಗ ಎಂಬ ಮೂರು ಪ್ರಶ್ನೆಗಳಿದ್ದವು. ಲಕ್ಸೆಂಬರ್ಗಿಶ್ ಒಂದು ಉಪಭಾಷೆ ಮಾತ್ರ, ಅದನ್ನು ಮಾತೃಭಾಷೆಯೆಂದು ಬರೆಯಕೂಡದು ಎಂಬ ಸೂಚನೆಯೂ ಇತ್ತು. ಪ್ರತಿರೋಧದ ಗುಂಪುಗಳು ಗುಟ್ಟಾಗಿ ಹಂಚಿದ ಕರಪತ್ರಗಳು ಮೂರಕ್ಕೂ ಒಂದೇ ಉತ್ತರ ಬರೆಯಲು ಕರೆಕೊಟ್ಟವು: ಲಕ್ಸೆಂಬರ್ಗಿಶ್. ಫಲಿತಾಂಶದ ಸುಳಿವು ಸಿಕ್ಕಿದೊಡನೆ ಆಡಳಿತ ಗಣತಿಯನ್ನೇ ಕೈಬಿಟ್ಟಿತು. ಭಾಷೆ ಮತ್ತು ಉಪಭಾಷೆಗಳ ಗಡಿಯನ್ನು ಭಾಷಾವಿಜ್ಞಾನದ ಲಕ್ಷಣಗಳಷ್ಟೇ ತೀರ್ಮಾನಿಸುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ವಿರಳ.

ಇಷ್ಟಾದರೂ ಯುದ್ಧಾನಂತರ ಪತ್ರಿಕೆಗಳು ಜರ್ಮನ್ ಬಿಡಲಿಲ್ಲ. 1848ರಲ್ಲಿ ಆರಂಭವಾದ ‘ಲುಕ್ಸೆಂಬುರ್ಗರ್ ವೊರ್ಟ್’ ಇಂದಿಗೂ ಪ್ರಧಾನವಾಗಿ ಜರ್ಮನ್ ಪತ್ರಿಕೆ. ಅದರ ಪುಟಗಳಲ್ಲಿ ನಡುನಡುವೆ ಫ್ರೆಂಚ್ ಬರಹಗಳು ಅನುವಾದವಿಲ್ಲದೆ ಬರುತ್ತವೆ. ಮರಣವಾರ್ತೆ, ಮದುವೆಯ ಪ್ರಕಟಣೆಗಳಂತಹ ಮನೆಯ ಸಂಗತಿಗಳಿಗೆ ಮಾತ್ರ ಲಕ್ಸೆಂಬರ್ಗಿಶ್. ಲೋಕದ ಸುದ್ದಿಗೆ ಒಂದು ನುಡಿ, ಮನೆಯ ದುಃಖಕ್ಕೆ ಇನ್ನೊಂದು.

ದ್ವೇಷಕ್ಕೆ ಗುರಿಯಾದ ಜರ್ಮನ್ ಬರಹದಲ್ಲಿ ಉಳಿದುಕೊಂಡದ್ದಕ್ಕೆ ಕಾರಣ ಸರಳವಾದುದು: ಎಲ್ಲರೂ ಓದಲು ಕಲಿತದ್ದು ಆ ನುಡಿಯ ಮೂಲಕವೇ. 1946ರಲ್ಲಿ ಜರ್ಮನ್ ಲಿಪಿರೂಢಿಯಿಂದ ಬೇಕೆಂದೇ ದೂರ ಸರಿದ ಕಾಗುಣಿತ ವ್ಯವಸ್ಥೆಯೊಂದನ್ನು ಸರ್ಕಾರ ಜಾರಿಗೆ ತಂದಿತು. ಉಚ್ಚಾರಣೆಗೆ ನಿಷ್ಠವಾಗಿದ್ದರೂ ಜರ್ಮನ್‌ಗೆ ಒಗ್ಗಿದ ಕಣ್ಣಿಗೆ ಅದು ಹಿಡಿಸಲಿಲ್ಲ, ಬಳಕೆಗೆ ಬರಲಿಲ್ಲ. 1950ರಿಂದ 1977ರವರೆಗೆ ಸಂಪುಟಗಳಾಗಿ ಹೊರಬಂದ ದೊಡ್ಡ ನಿಘಂಟು ಜರ್ಮನ್‌ಗೆ ಹತ್ತಿರವಾದ ಬರವಣಿಗೆಯನ್ನು ಅನುಸರಿಸಿತು. 1975ರಲ್ಲಿ ಅದೇ ಅಧಿಕೃತವಾಯಿತು. 1999 ಮತ್ತು 2019ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಈ ಕಾಗುಣಿತದ ಒಂದು ಅಂಶ ಕನ್ನಡದ ವ್ಯಾಕರಣಜ್ಞರಿಗೆ ಆಸಕ್ತಿದಾಯಕ. ಪದಾಂತ್ಯದ ನಕಾರ ಮುಂದಿನ ಪದದ ಮೊದಲ ಧ್ವನಿಯನ್ನು ಅವಲಂಬಿಸಿ ಉಳಿಯುತ್ತದೆ ಅಥವಾ ಲೋಪವಾಗುತ್ತದೆ. ಸಂಜೆಯನ್ನು ಸೂಚಿಸುವ ‘ಓವೆಂಟ್’ ಪದದ ಹಿಂದೆ ‘ದೆನ್’ ಎಂದಿರುವ ಗುಣವಾಚಿ, ಬೆಳಗನ್ನು ಸೂಚಿಸುವ ‘ಮೋಯೆನ್’ ಹಿಂದೆ ‘ದೆ’ ಆಗುತ್ತದೆ. ಸ್ವರಗಳ ಮತ್ತು ಕೆಲವೇ ವ್ಯಂಜನಗಳ ಹಿಂದೆ ಮಾತ್ರ ನಕಾರ ನಿಲ್ಲುತ್ತದೆ. ಮಾತಿನ ಈ ಸಂಧಿಕಾರ್ಯವನ್ನು ಬರಹದಲ್ಲಿಯೂ ತೋರಿಸಬೇಕೆಂಬುದು ನಿಯಮ. ಶಾಲೆಯಲ್ಲಿ ತಮ್ಮ ನುಡಿಯ ಬರವಣಿಗೆಯನ್ನು ಕಲಿಯದ ಬಹುಪಾಲು ಜನ ತಪ್ಪುವುದೂ ಇಲ್ಲಿಯೇ.

1984ರ ಫೆಬ್ರವರಿ 24ರ ಕಾಯಿದೆ ರೂಢಿಯನ್ನು ಶಾಸನಕ್ಕೆ ಇಳಿಸಿತು. ಅದರ ಪ್ರಕಾರ ಲಕ್ಸೆಂಬರ್ಗಿಶ್ ರಾಷ್ಟ್ರಭಾಷೆ. ಶಾಸನಗಳ ಭಾಷೆ ಫ್ರೆಂಚ್. ಆಡಳಿತ ಮತ್ತು ನ್ಯಾಯಾಂಗದಲ್ಲಿ ಮೂರನ್ನೂ ಬಳಸಬಹುದು. ಪ್ರಜೆ ಯಾವ ನುಡಿಯಲ್ಲಿ ಅರ್ಜಿ ಬರೆಯುತ್ತಾನೋ ಸಾಧ್ಯವಾದಮಟ್ಟಿಗೆ ಅದರಲ್ಲಿಯೇ ಕಚೇರಿ ಉತ್ತರಿಸಬೇಕು. ‘ಸಾಧ್ಯವಾದಮಟ್ಟಿಗೆ’ ಎಂಬ ಪದ ಅಧಿಕಾರಿಗೆ ಬಿಟ್ಟುಕೊಟ್ಟ ಸಡಿಲಿಕೆಯೂ ಹೌದು. ಲಕ್ಸೆಂಬರ್ಗಿಶ್‌ನಲ್ಲಿಯೇ ಚರ್ಚೆ ನಡೆಸುವ ಸಂಸತ್ತು ಫ್ರೆಂಚ್‌ನಲ್ಲಿ ಕಾನೂನು ಮಾಡುವ ವೈಚಿತ್ರ್ಯ ಹೀಗೆ ಶಾಸನಬದ್ಧವಾಯಿತು. 2023ರ ಜುಲೈ 1ರಿಂದ ಜಾರಿಗೆ ಬಂದ ಪರಿಷ್ಕೃತ ಸಂವಿಧಾನ ಲಕ್ಸೆಂಬರ್ಗಿಶ್ ದೇಶದ ಭಾಷೆಯೆಂದು ಘೋಷಿಸಿದೆ. ಮೂರು ನುಡಿಗಳ ಬಳಕೆಯ ವಿವರವನ್ನು ಮಾತ್ರ ಎಂದಿನಂತೆ ಕಾಯಿದೆಗೆ ಬಿಟ್ಟಿದೆ. ಯುರೋಪಿನ ಒಕ್ಕೂಟದ ನ್ಯಾಯಾಲಯ ಇರುವುದು ಲಕ್ಸೆಂಬರ್ಗ್ ನಗರದಲ್ಲಿಯೇ. ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲಿ ಆ ನಗರದ ನುಡಿ ಸೇರಿಲ್ಲ.

ಶಾಸನದಿಂದ ಬೀದಿಗೆ ಇಳಿದರೆ ಚಿತ್ರ ಇನ್ನಷ್ಟು ಸಂಕೀರ್ಣವಾಗುತ್ತದೆ. ಪರಿಚಿತರು ಎದುರಾದಾಗ ಹೊತ್ತು ಯಾವುದಾದರೂ ‘ಮೋಯೆನ್’ ಎನ್ನುತ್ತಾರೆ. ಬೀಳ್ಕೊಡುವಾಗ ಫ್ರೆಂಚ್ ಮೂಲದ ‘ಎಡ್ಡಿ’. ಬಹಳ ಉಪಕಾರವಾಯಿತು ಎನ್ನಲು ಜರ್ಮನಿಕ್ ಮೂಲದ ‘ಫಿಲ್‌ಮೋಲ್ಸ್’ ಪದಕ್ಕೆ ಫ್ರೆಂಚಿನ ‘ಮೆರ್ಸಿ’ ಸೇರಿಕೊಳ್ಳುತ್ತದೆ. ಬ್ರೆಡ್ಡಿನ ಅಂಗಡಿಯಲ್ಲಿ, ಹೋಟೆಲಿನಲ್ಲಿ ವ್ಯವಹಾರ ಹೆಚ್ಚಾಗಿ ಫ್ರೆಂಚ್. ಅಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಗಡಿಯಾಚೆಯಿಂದ ಬಂದವರು. ಹೋಟೆಲಿನ ತಿನಿಸುಪಟ್ಟಿಯೂ ಸಾಮಾನ್ಯವಾಗಿ ಫ್ರೆಂಚ್‌ನಲ್ಲಿಯೇ ಇರುತ್ತದೆ. ಆದರೆ ಹೊಗೆಯಲ್ಲಿ ಹದಗೊಳಿಸಿದ ಹಂದಿಮಾಂಸ ಮತ್ತು ಅವರೆಯಂತಹ ಕಾಳಿನ ಅಡುಗೆ ‘ಯುಡ್ ಮಟ್ ಗಾರ್ಡೆಬೌನೆನ್’ ಎಂಬ ತನ್ನ ಹೆಸರನ್ನು ಫ್ರೆಂಚ್ ಪಟ್ಟಿಯಲ್ಲಿಯೂ ಉಳಿಸಿಕೊಂಡಿರುತ್ತದೆ. ರಾಜ ಕುರುಡ ಜಾನ್ 1340ರಲ್ಲಿ ಸ್ಥಾಪಿಸಿದ ಶೋಬರ್‌ಫೋರ್ ಜಾತ್ರೆ ಇಂದಿಗೂ ಆಗಸ್ಟ್ ಕೊನೆಯಲ್ಲಿ ಸೇರುತ್ತದೆ; ಅಲ್ಲಿ ಕರಿದ ಆಲೂಗಡ್ಡೆಯ ಬಿಲ್ಲೆಗಳನ್ನು ಕೇಳಲು ಪರದೇಶದವರೂ ಲಕ್ಸೆಂಬರ್ಗಿಶ್ ಪದವನ್ನೇ ಕಲಿಯುತ್ತಾರೆ.

ಆಚರಣೆಗಳ ವಲಯವೇ ಆಡುನುಡಿಯ ಭದ್ರ ನೆಲೆ. ಫೆಬ್ರವರಿ 2ರ ಸಂಜೆ ಮಕ್ಕಳು ದೀಪದ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಹಾಡಿ ಸಿಹಿ ಪಡೆಯುತ್ತಾರೆ. ಈಸ್ಟರಿಗೆ ಮುನ್ನ ಚರ್ಚಿನ ಗಂಟೆಗಳು ಮೌನವಾಗಿರುವ ದಿನಗಳಲ್ಲಿ ಮರದ ಗಿರಕಿ ಬಾರಿಸುತ್ತ ಹೊತ್ತು ಸಾರುವವರೂ ಮಕ್ಕಳೇ. ಈಸ್ಟರ್ ಸೋಮವಾರ ಹಳೆಯ ಮೀನುಪೇಟೆಯಲ್ಲಿಯೂ ನೋಸ್ಪೆಲ್ಟ್ ಎಂಬ ಕುಂಬಾರರ ಹಳ್ಳಿಯಲ್ಲಿಯೂ ಮಣ್ಣಿನ ಪೀಪಿಹಕ್ಕಿಗಳ ಮಾರಾಟ ನಡೆಯುತ್ತದೆ. ಇವುಗಳೊಡನೆ ಸೇರಿರುವ ಹಾಡು, ಕೂಗುಗಳು ಬಾಯಿಂದ ಬಾಯಿಗೆ ಬಂದವು. ವಿಲ್ಟ್ಸ್ ಪಟ್ಟಣದ ಫಾತಿಮಾ ಮಾತೆಯ ಸನ್ನಿಧಿಯ ಕಥೆ ಬೇರೆ ಬಗೆಯದು. 1945ರ ಜನವರಿಯಲ್ಲಿ, ಯುದ್ಧದ ಗುಂಡಿನ ಮಳೆಯ ನಡುವೆ ಸ್ಥಳೀಯರು ಹೊತ್ತ ಹರಕೆಯಿಂದ ಅದು ಹುಟ್ಟಿತು. 1960ರ ದಶಕದ ಕೊನೆಯಿಂದ ಅಲ್ಲಿ ಪ್ರತಿವರ್ಷ ಸೇರುವ ಸಾವಿರಾರು ಯಾತ್ರಿಕರು ಪೋರ್ಚುಗೀಸರು. ಪ್ರಾರ್ಥನೆಯ ನುಡಿಯೂ ಪೋರ್ಚುಗೀಸ್.

ಈ ಪೋರ್ಚುಗೀಸರ ಉಲ್ಲೇಖವಿಲ್ಲದೆ ಲಕ್ಸೆಂಬರ್ಗಿನ ಬಹುಭಾಷಿಕತೆಯ ಚರ್ಚೆ ಪೂರ್ಣವಾಗದು. ದಕ್ಷಿಣದ ಕಬ್ಬಿಣದ ಗಣಿಗಳಿಗೆ 19ನೆಯ ಶತಮಾನದ ಕೊನೆಯಲ್ಲಿ ಇಟಲಿಯವರು ಬಂದಂತೆ, 1960ರ ದಶಕದಿಂದ ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಪೋರ್ಚುಗಲ್ಲಿನಿಂದ ಜನ ಬಂದರು. 1970ರಲ್ಲಿ ಎರಡು ದೇಶಗಳ ನಡುವೆ ಕಾರ್ಮಿಕರ ಒಪ್ಪಂದವೂ ಆಯಿತು. 2021ರ ಜನಗಣತಿಯಲ್ಲಿ ತಮ್ಮ ಮುಖ್ಯ ಭಾಷೆ ಪೋರ್ಚುಗೀಸ್ ಎಂದವರು ಸುಮಾರು ಶೇ. 15, ಫ್ರೆಂಚ್ ಎಂದವರೂ ಹೆಚ್ಚುಕಡಿಮೆ ಅಷ್ಟೇ, ಜರ್ಮನ್ ಎಂದವರು ಶೇ. 3ರಷ್ಟು. ಲಕ್ಸೆಂಬರ್ಗಿಶ್ ಎಂದವರ ಪ್ರಮಾಣ 2011ರಲ್ಲಿ ಸುಮಾರು ಶೇ. 56 ಇದ್ದದ್ದು ಶೇ. 49ಕ್ಕೆ ಇಳಿಯಿತು. ಆದರೆ ಸಂಖ್ಯೆಯ ಲೆಕ್ಕದಲ್ಲಿ ಅವರು ಸುಮಾರು 2.65 ಲಕ್ಷದಿಂದ 2.75 ಲಕ್ಷಕ್ಕೆ ಏರಿದ್ದರು. ನುಡಿ ಕುಗ್ಗುತ್ತಿದೆ ಎನ್ನುವವರು ಮೊದಲ ಅಂಕಿಯನ್ನು, ಬೆಳೆಯುತ್ತಿದೆ ಎನ್ನುವವರು ಎರಡನೆಯದನ್ನು ಮುಂದಿಡುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ.

ವ್ಯವಸ್ಥೆಯ ಭಾರ ನಿಜವಾಗಿ ಬೀಳುವುದು ಶಾಲೆಯಲ್ಲಿ. ನಾಲ್ಕನೆಯ ವಯಸ್ಸಿಗೆ ಶಾಲೆ ಸೇರುವ ಮಗುವಿನೊಡನೆ ಶಿಕ್ಷಕರು ಲಕ್ಸೆಂಬರ್ಗಿಶ್‌ನಲ್ಲಿ ಮಾತನಾಡುತ್ತಾರೆ. ಆರನೆಯ ವಯಸ್ಸಿಗೆ ಅಕ್ಷರಾಭ್ಯಾಸ ಆರಂಭವಾಗುವುದು ರೂಢಿಯಂತೆ ಜರ್ಮನ್‌ನಲ್ಲಿ. ಮರುವರ್ಷ ಫ್ರೆಂಚ್ ಮಾತು, ಅದರ ಮುಂದಿನ ವರ್ಷ ಫ್ರೆಂಚ್ ಬರಹ. ಪ್ರೌಢಶಾಲೆಗೆ ಬಂದೊಡನೆ ಗಣಿತ ಫ್ರೆಂಚಿಗೆ ಹೊರಳುತ್ತದೆ. ಮೇಲಿನ ತರಗತಿಗಳಲ್ಲಿ ಉನ್ನತ ಶಿಕ್ಷಣದ ಹಾದಿಯ ಬಹುತೇಕ ಪಾಠಗಳೂ ಫ್ರೆಂಚೇ. ಲಕ್ಸೆಂಬರ್ಗಿಶ್ ಮನೆಯ ಮಗುವಿಗೆ ಜರ್ಮನ್ ಓದು ಕಷ್ಟವಲ್ಲ. ಮನೆಮಾತಿನಿಂದ ಅದಕ್ಕೆ ಒಂದು ಮೆಟ್ಟಿಲು. ಪೋರ್ಚುಗೀಸ್ ಮನೆಯ ಮಗುವಿಗೆ ಆ ಮೆಟ್ಟಿಲೇ ಇಲ್ಲ. ತನ್ನ ಮನೆಮಾತಿನ ಸೋದರಿಯಾದ ಫ್ರೆಂಚ್ ಅದರ ಕಿವಿಗೆ ಬೀದಿಯಲ್ಲಿ ದಿನವೂ ಬೀಳುತ್ತದೆ. ಅಕ್ಷರ ಮಾತ್ರ ಮನೆಯಲ್ಲಿ ಯಾರೂ ಓದಲಾರದ ನುಡಿಯಲ್ಲಿ ಬರುತ್ತದೆ. ಹನ್ನೆರಡರ ವಯಸ್ಸಿನಲ್ಲಿ ಮಕ್ಕಳನ್ನು ಬೇರೆಬೇರೆ ಬಗೆಯ ಪ್ರೌಢಶಾಲೆಗಳಿಗೆ ವಿಂಗಡಿಸುವಾಗ, ವಿಶ್ವವಿದ್ಯಾಲಯಕ್ಕೆ ಒಯ್ಯುವ ಶಾಲೆಗಳಲ್ಲಿ ಪೋರ್ಚುಗೀಸ್ ಮೂಲದ ಮಕ್ಕಳ ಪಾಲು ತೀರ ಕಡಿಮೆ ಎಂಬುದನ್ನು ದೇಶದ ಶಿಕ್ಷಣ ವರದಿಗಳು ಮತ್ತೆ ಮತ್ತೆ ದಾಖಲಿಸಿವೆ. ಸರ್ಕಾರಿ ಶಾಲೆಗಳಲ್ಲಿ ಈಗ ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳ ಮೊದಲ ಮನೆಮಾತು ಲಕ್ಸೆಂಬರ್ಗಿಶ್ ಅಲ್ಲ. ಮೂರು ನುಡಿಗಳ ಸಂಪತ್ತು ಎಂದು ಹೊಗಳಿಸಿಕೊಳ್ಳುವ ಏರ್ಪಾಡು, ಒಂದೇ ಮನೆಮಾತಿನ ಸಮಾಜವನ್ನು ಕಲ್ಪಿಸಿಕೊಂಡು ಕಟ್ಟಿದ್ದು ಎಂಬುದನ್ನು ಇಲ್ಲಿ ಮರೆಯಲಾಗದು.

ಪೌರತ್ವದ ಪರೀಕ್ಷೆ ಇದಕ್ಕೆ ತೀರ ವ್ಯತಿರಿಕ್ತ. 2017ರ ಕಾಯಿದೆಯಂತೆ ಅರ್ಜಿದಾರರು ಲಕ್ಸೆಂಬರ್ಗಿಶ್‌ನಲ್ಲಿ ಮಾತನಾಡುವ ಮತ್ತು ಕೇಳಿ ತಿಳಿಯುವ ಶಕ್ತಿಯನ್ನು ಮಾತ್ರ ತೋರಿಸಬೇಕು. ಓದು ಬರಹಗಳನ್ನು ಕೇಳುವುದಿಲ್ಲ. ಶಾಲೆ ಕೈಯನ್ನು ಪರೀಕ್ಷಿಸಿದರೆ ಪ್ರಭುತ್ವ ಬಾಯಿಯನ್ನು ಪರೀಕ್ಷಿಸುತ್ತದೆ. ವಿದೇಶಿ ನಿವಾಸಿಗಳಿಗೆ ಸಂಸತ್ತಿನ ಮತದಾನದ ಹಕ್ಕು ನೀಡುವ ಪ್ರಸ್ತಾಪವನ್ನು 2015ರ ಜೂನ್ 7ರ ಜನಮತಗಣನೆಯಲ್ಲಿ ಶೇ. 78ರಷ್ಟು ಮತದಾರರು ತಿರಸ್ಕರಿಸಿದ ಮೇಲೆ ಈ ಬಾಯಿಯ ಬೆಲೆ ಮತ್ತಷ್ಟು ಹೆಚ್ಚಿತು. 2016ರಲ್ಲಿ ಲಕ್ಸೆಂಬರ್ಗಿಶ್‌ಗೆ ಆಡಳಿತದಲ್ಲಿ ಮೊದಲ ಸ್ಥಾನ ಕೋರಿದ ಮನವಿಗೆ 14,000ಕ್ಕೂ ಹೆಚ್ಚು ಸಹಿಗಳು ಬಿದ್ದವು. 2018ರ ಕಾಯಿದೆಯ ಮೂಲಕ ನುಡಿಯ ಬೆಳವಣಿಗೆಗೆ ಪ್ರತ್ಯೇಕ ಕೇಂದ್ರವೊಂದು ಸ್ಥಾಪನೆಯಾಯಿತು. ಈ ನಡುವೆ ಯಾವ ಕಾಯಿದೆಯ ನೆರವೂ ಇಲ್ಲದೆ ಮೊಬೈಲ್ ಸಂದೇಶಗಳಲ್ಲಿ ಯುವಜನ ತಮ್ಮ ಮಾತನ್ನು ತಾವೇ ಬರೆಯತೊಡಗಿದ್ದರು. ಅವರ ಕಾಗುಣಿತ ಅಧಿಕೃತವಲ್ಲ, ನಕಾರಗಳು ಬೇಕಾದಲ್ಲಿ ಉಳಿದಿರುತ್ತವೆ. ಆದರೂ ಬರಹದ ನುಡಿಯಾಗಿ ಲಕ್ಸೆಂಬರ್ಗಿಶ್ ಈ ಪ್ರಮಾಣದಲ್ಲಿ ಹಿಂದೆಂದೂ ಬಳಕೆಯಾಗಿರಲಿಲ್ಲ.

ಶಾಲೆಯ ಮೆಟ್ಟಿಲನ್ನು ತಿದ್ದುವ ಪ್ರಯತ್ನ 2022ರಲ್ಲಿ ನಾಲ್ಕು ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. ಮಗು ಮೊದಲ ಅಕ್ಷರವನ್ನು ಜರ್ಮನ್‌ನಲ್ಲಿ ಕಲಿಯಬೇಕೋ ಫ್ರೆಂಚ್‌ನಲ್ಲಿಯೋ ಎಂಬ ಆಯ್ಕೆಯನ್ನು ಇಲ್ಲಿ ಪೋಷಕರಿಗೆ ನೀಡಲಾಯಿತು. 2026-27ರ ಶಾಲಾವರ್ಷದಿಂದ ಇದನ್ನು ದೇಶದಾದ್ಯಂತ ವಿಸ್ತರಿಸುವ ತೀರ್ಮಾನವನ್ನು ಸರ್ಕಾರ ಕೈಗೊಂಡಿತು. ಮಕ್ಕಳು ಆರನೆಯ ವಯಸ್ಸಿಗೇ ಎರಡು ಗುಂಪಾಗುತ್ತಾರೆ ಎಂಬ ಆತಂಕಕ್ಕೆ ಯೋಜನೆ ಕೊಟ್ಟಿರುವ ಉತ್ತರ ಹಳೆಯ ಹಂಚಿಕೆಯನ್ನೇ ನೆನಪಿಸುತ್ತದೆ: ಓದು ಬರಹದ ಪಾಠಕ್ಕೆ ಗುಂಪುಗಳು ಬೇರೆಯಾಗುತ್ತವೆ, ಉಳಿದ ಹೊತ್ತು ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ಕಲಿಯುತ್ತಾರೆ, ಆಗ ಅವರ ನಡುವಣ ಮಾತು ಲಕ್ಸೆಂಬರ್ಗಿಶ್.