ತೆರೆಯದ ಅಂಚೆಪೆಟ್ಟಿಗೆ: ಕಾರಣ ಮತ್ತು ಪರಿಹಾರ

ಶಾಲೆಯ ಕಚೇರಿಯಲ್ಲಿ ದಾಖಲಾತಿ ವಹಿ, ಆವಕ-ಜಾವಕ ಪುಸ್ತಕ, ರಶೀದಿ ಪುಸ್ತಕ ಇವುಗಳಿಗಿರುವ ಮಹತ್ವವನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾದುದಿಲ್ಲ. ಈಚಿನ ವರ್ಷಗಳಲ್ಲಿ ಈ ವಹಿಗಳ ಸಾಲಿಗೆ ಗಣಕಯಂತ್ರದೊಳಗಿನ ಈ-ಮೇಲ್ ಕಡತವೂ ಬಂದು ಸೇರಿಕೊಂಡಿದೆ. ಪರದೇಶದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯ ಪತ್ರ, ದಾನಿಗಳು ಕಳುಹಿಸಿದ ದೇಣಿಗೆಯ ವಿವರ, ಇಲಾಖೆಯ ಸುತ್ತೋಲೆ ಎಲ್ಲವೂ ಅಲ್ಲಿಯೇ. ವಹಿಗೆ ಗೆದ್ದಲು ಹತ್ತಿದರೆ ಕೆಲವು ಹಾಳೆಗಳು ಹೋದಾವು. ಈ ಕಡತ ಕೈತಪ್ಪಿದರೆ ಹತ್ತು ವರ್ಷಗಳ ಪತ್ರವ್ಯವಹಾರವು ಒಮ್ಮೆಗೇ ಹೋಗುತ್ತದೆ.

ಅನೇಕ ಕಚೇರಿಗಳಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್. ಇದರ ಹಳೆಯ ಮಾದರಿಯು, ಅಂದರೆ ಈಗ 'ಕ್ಲಾಸಿಕ್' ಎಂದು ಕರೆಯಲ್ಪಡುವ ಔಟ್‌ಲುಕ್, ಒಂದು ದಿನ ತೆರೆಯಲು ನಿರಾಕರಿಸಿ, ತನ್ನ ಕಿಟಕಿಯನ್ನೂ ಫೋಲ್ಡರುಗಳ ಸಮೂಹವನ್ನೂ ತೆರೆಯಲಾಗುತ್ತಿಲ್ಲವೆಂಬ ಇಂಗ್ಲಿಷ್ ಸಂದೇಶವನ್ನು ಪರದೆಯ ಮೇಲೆ ತೋರಿಸುವುದುಂಟು. ಇದನ್ನು ಕಂಡೊಡನೆ ಪತ್ರಗಳೆಲ್ಲ ನಾಶವಾದುವೆಂದು ಎದೆಗುಂದುವವರೇ ಹೆಚ್ಚು. ವಾಸ್ತವದಲ್ಲಿ ಬಹಳ ಸಲ ಕೆಟ್ಟಿರುವುದು ಬಾಗಿಲು ಮಾತ್ರ. ಒಳಗಿನ ಸರಕು ಸುರಕ್ಷಿತವಾಗಿಯೇ ಇರುತ್ತದೆ. ನಷ್ಟವು ಅನಂತರದ ಆತುರದಿಂದ ಸಂಭವಿಸುತ್ತದೆ. ಯಾರೋ ಸಲಹೆ ಕೊಟ್ಟರೆಂದು ಗಣಕಯಂತ್ರದ ಡಿಸ್ಕನ್ನೇ ಅಳಿಸಿ ಎಲ್ಲವನ್ನೂ ಹೊಸದಾಗಿ ಅಳವಡಿಸುವುದು ಇಂತಹ ಆತುರಗಳಲ್ಲಿ ಅತ್ಯಂತ ಅಪಾಯಕರವಾದುದು.

ಆದಕಾರಣ ಮೊದಲು ತಿಳಿಯಬೇಕಾದುದು ಪತ್ರಗಳು ಎಲ್ಲಿವೆಯೆಂಬುದನ್ನು. ಔಟ್‌ಲುಕ್ ಎರಡು ಬಗೆಯ ಕಡತಗಳನ್ನು ಬಳಸುತ್ತದೆ. ಹೆಸರಿನ ಕೊನೆಯಲ್ಲಿ ಓಎಸ್‌ಟಿ ಎಂದಿದ್ದರೆ ಅದು ದೂರದ ಸರ್ವರ್‌ನಲ್ಲಿರುವ ಅಂಚೆಯ ನಕಲು. ಅದು ಕೆಟ್ಟರೆ ಮತ್ತೆ ಇಳಿಸಿಕೊಳ್ಳಬಹುದು. ಪಿಎಸ್‌ಟಿ ಎಂದಿದ್ದರೆ ವಿಷಯ ಗಂಭೀರ. ಪಾಪ್ ಪದ್ಧತಿಯಲ್ಲಿ ಅಂಚೆಯನ್ನು ತರಿಸಿಕೊಂಡು, ಸರ್ವರ್‌ನಲ್ಲಿ ಪ್ರತಿಯನ್ನು ಉಳಿಸದಂತೆ ಏರ್ಪಾಟು ಮಾಡಿದ್ದಲ್ಲಿ, ಲೋಕದಲ್ಲಿರುವ ಏಕೈಕ ಪ್ರತಿ ಈ ಕಡತವೇ. 2010ರ ಆವೃತ್ತಿಯಿಂದೀಚೆಗೆ ಇದು ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಎಂಬ ಸ್ಥಳದೊಳಗಿನ 'ಔಟ್‌ಲುಕ್ ಫೈಲ್ಸ್'ನಲ್ಲಿ ದೊರೆಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದು ಆ್ಯಪ್‌ಡೇಟಾ ಎಂಬ ಮರೆಯಾಗಿರುವ ಫೋಲ್ಡರಿನೊಳಗೆ ಇರುತ್ತಿದ್ದುದರಿಂದ, ಯಂತ್ರವನ್ನು ಬದಲಾಯಿಸುವಾಗ ಅದನ್ನು ಕಾಣದೆ ಬಿಟ್ಟುಬಂದ ಕಚೇರಿಗಳು ಇಲ್ಲದಿಲ್ಲ.

ಕಡತವು ದೊರೆತ ಮೇಲೆ, ಬೇರೆ ಯಾವ ಕೆಲಸಕ್ಕೂ ಕೈಹಾಕುವ ಮುನ್ನ, ಅದರ ಪ್ರತಿಯೊಂದನ್ನು ಬೇರೊಂದು ಡಿಸ್ಕಿಗೆ ತೆಗೆದಿಡಬೇಕು. ಇಲ್ಲಿಯೂ ಒಂದು ತೊಡಕುಂಟು. ಪೆನ್‌ಡ್ರೈವ್‌ಗಳಲ್ಲಿ ಹಲವು ಫ್ಯಾಟ್32 ಪದ್ಧತಿಯವಾಗಿದ್ದು, 4 ಜಿಬಿಗಿಂತ ದೊಡ್ಡದಾದ ಕಡತವನ್ನು ಅವು ಸ್ವೀಕರಿಸುವುದಿಲ್ಲ. ಒಳಗೆ ಎಷ್ಟೇ ಸ್ಥಳವಿದ್ದರೂ ಇದೇ ಪಾಡು. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಪದ್ಧತಿಯ ಡಿಸ್ಕಿಗೆ ಈ ಮಿತಿಯಿಲ್ಲ.

ಇನ್ನು ಬಾಗಿಲಿನ ಪರೀಕ್ಷೆ. ಔಟ್‌ಲುಕ್ ಪರದೆಯಿಂದ ಮರೆಯಾದರೂ ಹಿನ್ನೆಲೆಯಲ್ಲಿ ನಡೆಯುತ್ತಲೇ ಇದ್ದು, ಕಡತವನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿರುವುದು ಸಾಧ್ಯ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ನಿಲ್ಲಿಸಿ, ಇಲ್ಲವೇ ಯಂತ್ರವನ್ನೇ ಒಮ್ಮೆ ಆರಿಸಿ ಹಚ್ಚಿ ನೋಡಬೇಕು. ಎಡಬದಿಯಲ್ಲಿ ಫೋಲ್ಡರುಗಳ ಪಟ್ಟಿಯನ್ನು ತೋರಿಸುವ ಅಂಕಣದ ವಿನ್ಯಾಸವು ಒಂದು ಪುಟ್ಟ ಕಡತದಲ್ಲಿರುತ್ತದೆ. ಅದು ಬರಿದಾದರೆ, ಅಂದರೆ ಅದರ ಗಾತ್ರವು 0 ಕೆಬಿ ಎಂದು ಕಂಡುಬಂದರೆ, ಮೇಲಿನ ಸಂದೇಶವೇ ಬರುತ್ತದೆ. ವಿಂಡೋಸ್ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿದಾಗ ತೆರೆಯುವ ಚೌಕದಲ್ಲಿ ಔಟ್‌ಲುಕ್.ಇಎಕ್ಸ್‌ಇ ಎಂದು ಬರೆದು, ಸ್ವಲ್ಪ ತೆರಪು ಬಿಟ್ಟು, ಓರೆಗೆರೆಯೊಂದಿಗೆ 'ರೀಸೆಟ್‌ನ್ಯಾವ್‌ಪೇನ್' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಸೇರಿಸಿದರೆ ಆ ಅಂಕಣವು ಹೊಸದಾಗಿ ರಚಿತವಾಗುತ್ತದೆ. ನಾವು ಮಾಡಿಕೊಂಡ ಜೋಡಣೆ ಹೋದೀತು, ಪತ್ರಗಳು ಹೋಗವು. ಅದೇ ಸ್ಥಳದಲ್ಲಿ 'ಸೇಫ್' ಎಂದು ಬರೆದಾಗ ಔಟ್‌ಲುಕ್ ತೆರೆದುಕೊಂಡರೆ, ದೋಷವು ಹೊರಗಿನಿಂದ ಸೇರಿಸಿದ ಯಾವುದೋ ಆ್ಯಡ್-ಇನ್‌ನದೆಂದು ಊಹಿಸಬಹುದು. ಔಟ್‌ಲುಕ್‌ನ ಪ್ರಾಪರ್ಟೀಸ್‌ನಲ್ಲಿ, ಹಳೆಯ ವಿಂಡೋಸ್‌ಗೆ ಹೊಂದಿಕೊಂಡು ನಡೆಯುವಂತೆ ಯಾರಾದರೂ ಗುರುತು ಹಾಕಿದ್ದರೆ ಅದನ್ನು ತೆಗೆಯಬೇಕು. ಇವಾವುವೂ ಫಲಿಸದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಮೇಲ್ ವಿಭಾಗದಲ್ಲಿ ಹೊಸ ಪ್ರೊಫೈಲ್ ರಚಿಸಿ ಹಳೆಯ ಪಿಎಸ್‌ಟಿಯನ್ನು ಅದಕ್ಕೆ ಜೋಡಿಸಬಹುದು.

ಕಡತವೇ ಕೆಟ್ಟಿರುವ ಸಂದರ್ಭವೂ ಇದೆ. ವಿದ್ಯುತ್ತು ಥಟ್ಟನೆ ಹೋಗುವುದು, ಕಡತವನ್ನು ಜಾಲದ ಮೂಲಕ ಮತ್ತೊಂದು ಯಂತ್ರದಿಂದ ತೆರೆಯುವುದು, ಮಿತಿಮೀರಿ ಬೆಳೆಸುವುದು ಇವು ಮುಖ್ಯ ಕಾರಣಗಳು. 2003ಕ್ಕಿಂತ ಹಿಂದಿನ ಆವೃತ್ತಿಗಳ ಕಡತಕ್ಕೆ 2 ಜಿಬಿ ಎಂಬ ಮಿತಿಯಿತ್ತು. 2003ರ ಆವೃತ್ತಿಯಲ್ಲಿ ಯೂನಿಕೋಡ್ ರೂಪ ಬಂದು ಅದು 20 ಜಿಬಿಗೂ, 2010ರಲ್ಲಿ 50 ಜಿಬಿಗೂ ಏರಿತು. ಕನ್ನಡದಲ್ಲಿ ಪತ್ರ ಬರೆಯುವವರಿಗೆ ಈ ಭೇದವು ಇನ್ನೊಂದು ಕಾರಣಕ್ಕೂ ಮುಖ್ಯ. ಹಳೆಯ ರೂಪದ ಕಡತವು ಕನ್ನಡ ಲಿಪಿಯನ್ನು ಅರಿಯದು. ಉಳಿಸುವ ಉತ್ಸಾಹದಲ್ಲಿ ಹೊಸ ಪತ್ರಗಳನ್ನು ಅಂತಹ ಕಡತಕ್ಕೆ ಸಾಗಿಸಿದರೆ, ಫೋಲ್ಡರಿನ ಹೆಸರೂ ಪತ್ರದ ಶೀರ್ಷಿಕೆಯೂ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ.

ಕೆಟ್ಟ ಕಡತವನ್ನು ಸರಿಪಡಿಸಲು ಔಟ್‌ಲುಕ್‌ನೊಂದಿಗೇ ಸ್ಕ್ಯಾನ್‌ಪಿಎಸ್‌ಟಿ ಎಂಬ ಸಾಧನವು ಬರುತ್ತದೆ; ಹಣ ಕೊಟ್ಟು ಬೇರೆಯದನ್ನು ಕೊಳ್ಳುವ ಮುನ್ನ ಇದನ್ನು ಪ್ರಯೋಗಿಸಬೇಕು. ಔಟ್‌ಲುಕ್ ಮುಚ್ಚಿರುವಾಗ, ತೆಗೆದಿಟ್ಟ ಪ್ರತಿಯನ್ನು ಮುಟ್ಟದೆ, ಮೂಲದ ಮೇಲೆ ಇದನ್ನು ನಡೆಸಬೇಕು. ಅದು ಕಡತದ ರಚನೆಯನ್ನು ಪರಿಶೀಲಿಸಿ, ಎಲ್ಲಿಗೆ ಸೇರಿದುದೆಂದು ತಿಳಿಯದ ಪತ್ರಗಳನ್ನು 'ಲಾಸ್ಟ್ ಅಂಡ್ ಫೌಂಡ್' ಎಂಬ ಫೋಲ್ಡರಿನಲ್ಲಿ ಇರಿಸುತ್ತದೆ. ಗುರುತಿಸಲಾಗದ ಭಾಗಗಳನ್ನು ತೊಡೆದುಹಾಕುವುದೂ ಉಂಟು; ಮೊದಲೇ ಪ್ರತಿ ತೆಗೆಯಬೇಕೆಂದುದು ಇದಕ್ಕಾಗಿಯೇ. ಒಮ್ಮೆ ನಡೆಸಿದ ಮೇಲೂ ದೋಷಗಳು ಉಳಿದಿವೆಯೆಂದು ಹೇಳಿದರೆ ಮತ್ತೊಮ್ಮೆ ನಡೆಸಬೇಕಾದೀತು. ದೊಡ್ಡ ಕಡತಕ್ಕೆ ಗಂಟೆಗಟ್ಟಲೆ ಹಿಡಿಯುವುದರಿಂದ ಕಚೇರಿಯ ಕೆಲಸ ಮುಗಿದ ಬಳಿಕ, ವಿದ್ಯುತ್ತಿಗೆ ಬ್ಯಾಟರಿಯ ಆಸರೆಯಿರುವ ಯಂತ್ರದಲ್ಲಿ ಇದನ್ನು ಕೈಗೊಳ್ಳುವುದು ಲೇಸು. ಅನಂತರ ಹೊಸದೊಂದು ಪಿಎಸ್‌ಟಿಯನ್ನು ರಚಿಸಿ, ದೊರೆತ ಪತ್ರಗಳನ್ನು ಅದಕ್ಕೆ ಸಾಗಿಸಿ, ಒಮ್ಮೆ ಕೆಟ್ಟ ಕಡತವನ್ನು ದಿನಬಳಕೆಯಿಂದ ಬಿಡಬೇಕು.

ಓಎಸ್‌ಟಿಯ ವಿಷಯದಲ್ಲಿ ಇಷ್ಟು ಶ್ರಮವಿಲ್ಲ. ಔಟ್‌ಲುಕ್ ಮುಚ್ಚಿ, ಆ ಕಡತದ ಹೆಸರನ್ನು ಬದಲಿಸಿದರೆ ಸಾಕು. ಮುಂದಿನ ಸಲ ತೆರೆದಾಗ ಸರ್ವರ್‌ನಿಂದ ಹೊಸ ಪ್ರತಿಯು ಇಳಿದುಬರುತ್ತದೆ. ಅಳಿಸದೆ ಹೆಸರನ್ನಷ್ಟೇ ಬದಲಿಸಬೇಕೆನ್ನಲು ಕಾರಣ, ಸರ್ವರ್‌ಗೆ ಇನ್ನೂ ತಲುಪಿರದ ಪತ್ರಗಳು ಅದರಲ್ಲಿ ಉಳಿದಿರಬಹುದು ಎಂಬುದು.